ವಿದ್ಯುತ್ ಮೊದಲೋ, ಪರಮಾಣು ಮೊದಲೋ? ದ್ವಿತೀಯ ಪಿಯುಸಿ ಫಿಸಿಕ್ಸ್ ರಿವಿಷನ್‌ಗೆ ಒಂದು ಹೋಲಿಕೆ

ಪ್ರಿಪರೇಟರಿ ಪರೀಕ್ಷೆಯ ಉತ್ತರಪತ್ರಿಕೆ ಕೊಟ್ಟ ಮಾರನೆಯ ದಿನ ಸ್ಟಾಫ್ ರೂಮಿನ ಬಾಗಿಲ ಹತ್ತಿರ ಮೂರ್ನಾಲ್ಕು ಮಕ್ಕಳು ನಿಂತೇ ಇರುತ್ತಾರೆ. ಕೇಳುವುದೂ ಒಂದೇ ಪ್ರಶ್ನೆ. "ಮೇಡಂ, ಇನ್ನು ಉಳಿದಿರೋದು ಇಷ್ಟೇ ದಿನ. ಎಲೆಕ್ಟ್ರಿಸಿಟಿ ಹಿಡ್ಕೊಳ್ಳಲಾ, ಇಲ್ಲಾ ಮಾಡರ್ನ್ ಫಿಸಿಕ್ಸ್ ಮುಗಿಸಿಬಿಡ್ಲಾ?" ಹದಿನಾರು ವರ್ಷದಿಂದ ಪಿಯು ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುತ್ತಿದ್ದೇನೆ. ಒಬ್ಬೊಬ್ಬರಿಗೆ ನಿಂತಲ್ಲೇ ಹೇಳಿದ್ದನ್ನೆಲ್ಲ ಈ ಸಲ ಒಂದೆಡೆ ಬರೆದಿಡುತ್ತಿದ್ದೇನೆ.

ವಿದ್ಯುತ್ತಿನ ಕಟ್ಟು ಎಂದರೆ ಎನ್‌ಸಿಇಆರ್‌ಟಿ ಪುಸ್ತಕದ ಮೊದಲ ಮೂರು ಅಧ್ಯಾಯಗಳು: ಆವೇಶ ಮತ್ತು ಕ್ಷೇತ್ರ, ವಿಭವ ಮತ್ತು ಕೆಪಾಸಿಟರ್, ಕರೆಂಟ್ ಎಲೆಕ್ಟ್ರಿಸಿಟಿ. ಕಣಗಳ ಕಟ್ಟು ಎಂದರೆ ಹನ್ನೊಂದು, ಹನ್ನೆರಡು, ಹದಿಮೂರು: ಬೆಳಕಿನ ಮತ್ತು ದ್ರವ್ಯದ ದ್ವಿಸ್ವಭಾವ, ಪರಮಾಣು, ನ್ಯೂಕ್ಲಿಯಸ್. ಪುಸ್ತಕದ ಒಂದು ತುದಿ ಅದು, ಇನ್ನೊಂದು ತುದಿ ಇದು. ಜೂನ್‌ನಲ್ಲಿ ಓದಿದ್ದು ಜನವರಿ ಹೊತ್ತಿಗೆ ಮರೆತಿರುತ್ತದೆ, ಡಿಸೆಂಬರಿನಲ್ಲಿ ಓಡಿಸಿಕೊಂಡು ಮುಗಿಸಿದ್ದು ತಲೆಗೇ ಹೋಗಿರುವುದಿಲ್ಲ. ಹಾಗಾಗಿ ಈ ಎರಡರ ಬಗ್ಗೆಯೇ ಭಯ ಹೆಚ್ಚು.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಮೂರು ವಾರಕ್ಕಿಂತ ಹೆಚ್ಚು ಸಮಯವಿದ್ದರೆ ವಿದ್ಯುತ್ ಮೊದಲು. ಅದಕ್ಕಿಂತ ಕಡಿಮೆಯಿದ್ದರೆ ಕಣಗಳು ಮೊದಲು. ಎಷ್ಟೇ ದಿನವಿರಲಿ, ಎರಡನ್ನೂ ಒಂದೇ ರೀತಿಯಲ್ಲಿ ಮಾತ್ರ ಓದಬೇಡಿ. ವಿದ್ಯುತ್ತನ್ನು ಕೈಯಲ್ಲಿ ಓದಬೇಕು, ಕಣಗಳನ್ನು ಬಾಯಲ್ಲಿ ಓದಬೇಕು. ನಾನು ನೋಡಿದ ಮಟ್ಟಿಗೆ ಮಕ್ಕಳು ಅಂಕ ಕಳೆದುಕೊಳ್ಳುವುದು ಇದನ್ನು ತಿರುಗಾಮುರುಗಾ ಮಾಡಿದಾಗ: ಸರ್ಕ್ಯೂಟನ್ನು ಕಂಠಪಾಠ ಮಾಡುತ್ತಾರೆ, ನ್ಯೂಕ್ಲಿಯಸ್ಸನ್ನು ಸುಮ್ಮನೆ ಕಾಪಿ ಬರೆಯುತ್ತಾರೆ.

ವಿದ್ಯುತ್ ಯಾಕೆ ಮೊದಲು

ಕಣಗಳ ಕಟ್ಟಿನ ಅರ್ಧ ಭಾಗ ನಿಂತಿರುವುದೇ ವಿದ್ಯುತ್ತಿನ ಮೇಲೆ. ಎಲೆಕ್ಟ್ರಾನ್ ವೋಲ್ಟ್ ಎಂಬ ಅಳತೆಯನ್ನೇ ತೆಗೆದುಕೊಳ್ಳಿ. ಹನ್ನೊಂದನೇ ಅಧ್ಯಾಯದಿಂದ ಹದಿಮೂರರವರೆಗೆ ಅದಿಲ್ಲದೆ ಒಂದು ಲೆಕ್ಕವೂ ನಡೆಯುವುದಿಲ್ಲ. ಅದೇನು ಎಂದು ಕೇಳಿದರೆ ಮಕ್ಕಳು "1.6 ಇಂಟು 10⁻¹⁹ ಜೌಲ್" ಎಂದು ಥಟ್ಟನೆ ಹೇಳುತ್ತಾರೆ. ಆ ಸಂಖ್ಯೆ ಎಲ್ಲಿಂದ ಬಂತು ಎಂದರೆ ಮೌನ. ಅದು ಎರಡನೇ ಅಧ್ಯಾಯದ ಮಾತು: ಆವೇಶವನ್ನು ವಿಭವಾಂತರದಿಂದ ಗುಣಿಸಿದರೆ ಕೆಲಸ ಸಿಗುತ್ತದೆ. ಒಂದು ಎಲೆಕ್ಟ್ರಾನು ಒಂದು ವೋಲ್ಟಿನ ವಿಭವಾಂತರ ದಾಟಿದಾಗ ಪಡೆಯುವ ಶಕ್ತಿ ಅಷ್ಟು. ಇದು ಗೊತ್ತಿದ್ದವರಿಗೆ ಸ್ಟಾಪಿಂಗ್ ಪೊಟೆನ್ಶಿಯಲ್ ಅನ್ನು ಬೇರೆಯಾಗಿ ಕಲಿಸಬೇಕಾಗಿಲ್ಲ. ಲೋಹದಿಂದ ಹೊರಬಿದ್ದ ಅತಿ ವೇಗದ ಎಲೆಕ್ಟ್ರಾನನ್ನೂ ತಡೆದು ನಿಲ್ಲಿಸಲು ಎಷ್ಟು ವೋಲ್ಟ್ ಬೇಕು ಎಂಬುದಷ್ಟೇ ಅದು. ಸೀಸಿಯಂ ಲೋಹದ ವರ್ಕ್ ಫಂಕ್ಷನ್, ಅಂದರೆ ಅದರಿಂದ ಎಲೆಕ್ಟ್ರಾನನ್ನು ಹೊರತೆಗೆಯಲು ಬೇಕಾದ ಕನಿಷ್ಠ ಶಕ್ತಿ, 2.14 ಎಲೆಕ್ಟ್ರಾನ್ ವೋಲ್ಟ್. ಅದರ ಮೇಲೆ 400 ನ್ಯಾನೋಮೀಟರ್ ತರಂಗಾಂತರದ ನೇರಳೆ ಬೆಳಕು ಬಿದ್ದರೆ ಒಂದೊಂದು ಫೋಟಾನಿನ ಶಕ್ತಿ 3.1 ಎಲೆಕ್ಟ್ರಾನ್ ವೋಲ್ಟ್. ಕಳೆದರೆ ಉಳಿಯುವುದು 0.96. ಸ್ಟಾಪಿಂಗ್ ಪೊಟೆನ್ಶಿಯಲ್ 0.96 ವೋಲ್ಟ್. ಮತ್ತೆ ಲೆಕ್ಕವೇ ಇಲ್ಲ, ಅದೇ ಸಂಖ್ಯೆ!

ಪರಮಾಣುವಿನ ಅಧ್ಯಾಯವೂ ಹೀಗೆಯೇ. ಚಿನ್ನದ ಹಾಳೆಯತ್ತ ಬಂದ ಆಲ್ಫಾ ಕಣ ಎಷ್ಟು ಹತ್ತಿರ ಹೋಗಿ ಹಿಂದಕ್ಕೆ ತಿರುಗುತ್ತದೆ ಎಂಬ ಲೆಕ್ಕ ಎರಡು ಆವೇಶಗಳ ನಡುವಿನ ವಿಭವ ಶಕ್ತಿಯದು, ಬೇರೇನೂ ಅಲ್ಲ. 7.7 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಕಣ ನ್ಯೂಕ್ಲಿಯಸ್ಸಿನ ಕೇಂದ್ರಕ್ಕೆ ಸುಮಾರು 30 ಫೆಮ್ಟೋಮೀಟರ್ ಹತ್ತಿರದವರೆಗೆ ಹೋಗಿ ತಿರುಗುತ್ತದೆ. ಬೋರ್ ತ್ರಿಜ್ಯದ ಡಿರೈವೇಶನ್ನಿನ ಮೊದಲ ಸಾಲು ಕೂಲಂಬ್ ನಿಯಮ. ಪುಸ್ತಕದ ಮೊದಲೆರಡು ಅಧ್ಯಾಯಗಳನ್ನು ಗಟ್ಟಿ ಮಾಡಿಕೊಂಡು ಹೋದ ಮಕ್ಕಳು ಹನ್ನೆರಡನೇ ಅಧ್ಯಾಯವನ್ನು ಒಂದು ಭಾನುವಾರದಲ್ಲಿ ಮುಗಿಸಿದ್ದನ್ನು ನೋಡಿದ್ದೇನೆ.

ಇನ್ನೊಂದು ಕಾರಣ, ವಿದ್ಯುತ್ ಕೈಗೆ ಹತ್ತಲು ದಿನ ಹಿಡಿಯುತ್ತದೆ. ಅಡುಗೆಗೆ ಹದ ಬಂದಂತೆ, ಇಂದು ಎರಡು ಲೆಕ್ಕ, ನಾಳೆ ಮೂರು ಲೆಕ್ಕ ಮಾಡುತ್ತ ಮಾಡುತ್ತಲೇ ಬರಬೇಕು. ಒಂದೇ ರಾತ್ರಿ ಇಪ್ಪತ್ತು ಲೆಕ್ಕ ಬಿಡಿಸಿದರೆ ಬೆಳಿಗ್ಗೆ ಎಲ್ಲ ಕಲಸುಮೇಲೋಗರ. ಕಣಗಳ ಕಟ್ಟು ಚಿಕ್ಕದು, ಸೂತ್ರಗಳು ಕಡಿಮೆ, ಲೆಕ್ಕಗಳು ಮೂರ್ನಾಲ್ಕು ಬಗೆಯವು ಮಾತ್ರ. ಹಾಕಿದ ಶ್ರಮ ಬೇಗ ಕೈಸೇರುತ್ತದೆ. ಅದಕ್ಕೇ ಸಮಯ ತೀರಾ ಕಡಿಮೆಯಿರುವವರಿಗೆ ಕಣಗಳೇ ಮೊದಲು ಎಂದದ್ದು. ಸಿಇಟಿ ಬರೆಯುವವರಿಗೂ ಅದೇ ಲಾಭ. ಅಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ. ಹೈಡ್ರೋಜನ್ನಿನ ಶಕ್ತಿಮಟ್ಟಗಳು ಬಾಯಲ್ಲಿದ್ದರೆ ಅರ್ಧ ನಿಮಿಷಕ್ಕೆ ಒಂದು ಅಂಕ.

ವಿದ್ಯುತ್ತಿಗೆ ನಾಲ್ಕು ದಾರಿ

ಮಕ್ಕಳು ಅನುಸರಿಸುವ ದಾರಿಗಳು ನಾಲ್ಕು: ಪಠ್ಯವನ್ನು ಮತ್ತೆ ಓದುವುದು, ಡಿರೈವೇಶನ್ ಬರೆದು ಬರೆದು ರೂಢಿ ಮಾಡುವುದು, ಲೆಕ್ಕ ಬಿಡಿಸುವುದು, ಲ್ಯಾಬಿನಲ್ಲಿ ಕೈಯಾಡಿಸುವುದು. ಮತ್ತೆ ಓದುವುದನ್ನು ಬೇಗ ಬದಿಗಿಡೋಣ. ಎರಡನೇ ಸಲ ಓದುವಾಗ ಎಲ್ಲವೂ ಪರಿಚಿತ ಎನಿಸುತ್ತದೆ, ಪರಿಚಿತವಾದದ್ದು ಗೊತ್ತಿರುವುದೇ ಎಂದು ಮನಸ್ಸು ನಂಬಿಬಿಡುತ್ತದೆ. ಪುಸ್ತಕ ಮುಚ್ಚಿ ಒಂದು ವೀಟ್‌ಸ್ಟನ್ ಬ್ರಿಡ್ಜ್ ಚಿತ್ರ ಬರೆಯಲು ಹೇಳಿದರೆ ಗ್ಯಾಲ್ವನೋಮೀಟರ್ ಎಲ್ಲಿ ಬರಬೇಕು ಎಂದು ಪೆನ್ಸಿಲ್ ಗಾಳಿಯಲ್ಲಿ ನಿಲ್ಲುತ್ತದೆ.

ಡಿರೈವೇಶನ್ ಬರೆಯುವ ದಾರಿ ಅರ್ಧ ಒಳ್ಳೆಯದು. ಐದು ಅಂಕದ ಪ್ರಶ್ನೆಗಳಿಗೆ ಅದು ಬೇಕೇ ಬೇಕು: ವೀಟ್‌ಸ್ಟನ್ ಬ್ರಿಡ್ಜಿನ ಸಮತೋಲನ, ಸಮಾಂತರ ಜೋಡಣೆಯ ಸೆಲ್‌ಗಳ ಒಟ್ಟು ಇಎಂಎಫ್, ಡ್ರಿಫ್ಟ್ ವೇಗದಿಂದ ವಾಹಕತೆ. ಆದರೆ ಸಂಖ್ಯೆ ಹಾಕದೆ ಬರೆದ ಡಿರೈವೇಶನ್ ತಲೆಯಲ್ಲಿ ನಿಲ್ಲುವುದಿಲ್ಲ. ಡ್ರಿಫ್ಟ್ ವೇಗವನ್ನೇ ನೋಡಿ. ತಾಮ್ರದಲ್ಲಿ ಒಂದು ಘನಮೀಟರಿಗೆ ಸುಮಾರು 8.5 × 10²⁸ ಮುಕ್ತ ಎಲೆಕ್ಟ್ರಾನುಗಳಿವೆ. ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತದ ತಂತಿಯಲ್ಲಿ ಒಂದು ಆಂಪಿಯರ್ ಹರಿಯುತ್ತಿದೆ ಎಂದುಕೊಳ್ಳಿ. ಕರೆಂಟನ್ನು ಎಲೆಕ್ಟ್ರಾನ್ ಸಾಂದ್ರತೆ, ಆವೇಶ, ಅಡ್ಡಕೊಯ್ತ ಈ ಮೂರರ ಗುಣಲಬ್ಧದಿಂದ ಭಾಗಿಸಿದರೆ ಸೆಕೆಂಡಿಗೆ 0.07 ಮಿಲಿಮೀಟರ್ ಚಿಲ್ಲರೆ ಬರುತ್ತದೆ. ಗಂಟೆಗೆ ಸುಮಾರು 26 ಸೆಂಟಿಮೀಟರ್, ಒಂದು ಗೇಣಿಗಿಂತ ತುಸು ಹೆಚ್ಚು. ತರಗತಿಯಲ್ಲಿ ನಾನು ಮೇಜಿನ ಮೇಲೆ ಗೇಣು ಹಾಕಿ ತೋರಿಸುತ್ತೇನೆ: ನೀವು ಒಂದು ಗಂಟೆ ಪಾಠ ಕೇಳಿ ಎದ್ದಾಗ ಎಲೆಕ್ಟ್ರಾನು ನಡೆದದ್ದು ಇಷ್ಟೇ ದೂರ. ಹಾಗಾದರೆ ಸ್ವಿಚ್ ಒತ್ತಿದ ಕೂಡಲೇ ದೀಪ ಹೇಗೆ ಹತ್ತುತ್ತದೆ? ತಂತಿಯುದ್ದಕ್ಕೂ ವಿದ್ಯುತ್ ಕ್ಷೇತ್ರ ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ನೆಲೆಗೊಳ್ಳುತ್ತದೆ, ಎಲ್ಲ ಎಲೆಕ್ಟ್ರಾನುಗಳೂ ಇದ್ದಲ್ಲಿಂದಲೇ ಒಟ್ಟಿಗೆ ಹೊರಡುತ್ತವೆ. ಇದನ್ನು ಒಮ್ಮೆ ಅಳೆದು ನೋಡಿದ ಹುಡುಗ ಆ ಸೂತ್ರವನ್ನು ಮರೆಯುವುದಿಲ್ಲ.

ನನ್ನ ಮತ ಲೆಕ್ಕ ಬಿಡಿಸುವುದರ ಕಡೆಗೆ, ಅದರಲ್ಲೂ ಸರ್ಕ್ಯೂಟ್ ಲೆಕ್ಕ. ಒಂದನ್ನು ಬಿಡಿಸಿಯೇ ತೋರಿಸುತ್ತೇನೆ. 12 ವೋಲ್ಟ್ ಇಎಂಎಫ್, 1 ಓಮ್ ಒಳರೋಧ ಇರುವ ಬ್ಯಾಟರಿ. ಅದಕ್ಕೆ 3 ಓಮಿನ ಒಂದು ರೋಧ ಸರಣಿಯಲ್ಲಿ, ಅದರ ಮುಂದೆ 6 ಓಮ್ ಮತ್ತು 3 ಓಮ್ ಸಮಾಂತರದಲ್ಲಿ. ಕಳೆದ ವರ್ಷ ಇದೇ ಲೆಕ್ಕವನ್ನು ಒಬ್ಬಳು ಬೋರ್ಡಿನ ಮೇಲೆ ಬಿಡಿಸಿದಳು. ಸಮಾಂತರದ ಎರಡು ಸೇರಿ 2 ಓಮ್, ಜೊತೆಗೆ 3, ಒಟ್ಟು 5, ಆದ್ದರಿಂದ ಕರೆಂಟ್ 2.4 ಆಂಪಿಯರ್ ಎಂದು ಬರೆದು ಚೌಕ ಹಾಕಿದಳು. ಒಳರೋಧ ಬಿಟ್ಟುಹೋಗಿತ್ತು. ತಪ್ಪು ಎಂದು ನಾನು ಹೇಳಲಿಲ್ಲ. "ಬ್ಯಾಟರಿಯಿಂದ ಹೊರಟು ಬೆರಳಿಟ್ಟುಕೊಂಡು ಒಂದು ಸುತ್ತು ಬಾ, ದಾರೀಲಿ ಏನೇನು ಅಡ್ಡ ಬರುತ್ತೆ ಹೇಳ್ತಾ ಹೋಗು" ಎಂದೆ. ಬೆರಳು ಸುತ್ತಿ ಬಂದು ಬ್ಯಾಟರಿಯ ಒಳಗೆ ಹೊಕ್ಕಾಗ ಅವಳೇ ನಿಂತಳು. "ಓ, ಒಳಗೂ ಒಂದಿದೆ ಮೇಡಂ." ಒಟ್ಟು 6 ಓಮ್, ಕರೆಂಟ್ 2 ಆಂಪಿಯರ್. ಬ್ಯಾಟರಿಯ ತುದಿಗಳಲ್ಲಿ ಸಿಗುವುದು 12ರಲ್ಲಿ 2 ಕಳೆದು 10 ವೋಲ್ಟ್. ಸಮಾಂತರ ಜೋಡಿಯ ಮೇಲೆ 4 ವೋಲ್ಟ್. 6 ಓಮಿನಲ್ಲಿ 0.67, 3 ಓಮಿನಲ್ಲಿ 1.33, ಕೂಡಿದರೆ ಮತ್ತೆ 2. ಬೆರಳಿಟ್ಟು ಸುತ್ತುವ ಈ ಅಭ್ಯಾಸವೇ ಕಿರ್ಚಾಫನ ಎರಡನೇ ನಿಯಮ. ಹೆಸರು ಆಮೇಲೆ ಬಂದರೂ ನಡೆಯುತ್ತದೆ.

ಒಳರೋಧ ಎಂದರೇನು ಎಂದು ಅರ್ಥವಾಗದಿದ್ದರೆ ಮನೆಯ ಗೋಡೆ ಗಡಿಯಾರ ನೋಡಿ. ಟಾರ್ಚಿನಲ್ಲಿ ಮಿಣುಕ್ ಮಿಣುಕ್ ಎನ್ನತೊಡಗಿದ ಸೆಲ್ಲನ್ನು ಅಮ್ಮಂದಿರು ಬಿಸಾಡುವುದಿಲ್ಲ, ಗಡಿಯಾರಕ್ಕೆ ಹಾಕುತ್ತಾರೆ. ಅಲ್ಲಿ ಅದು ತಿಂಗಳುಗಟ್ಟಲೆ ನಡೆಯುತ್ತದೆ. ಹಳೆಯ ಸೆಲ್ಲಿನ ಒಳರೋಧ ಏರಿರುತ್ತದೆ. ಟಾರ್ಚಿನ ಬಲ್ಬು ಹೆಚ್ಚು ಕರೆಂಟ್ ಎಳೆಯುವುದರಿಂದ ಸೆಲ್ಲಿನ ವೋಲ್ಟೇಜಿನಲ್ಲಿ ದೊಡ್ಡ ಪಾಲು ಒಳಗೇ ಬಿದ್ದುಹೋಗುತ್ತದೆ. ಗಡಿಯಾರ ಎಳೆಯುವುದು ಅತ್ಯಲ್ಪ, ಒಳಗೆ ಬೀಳುವುದೂ ಅತ್ಯಲ್ಪ. ಟರ್ಮಿನಲ್ ವೋಲ್ಟೇಜ್ = ಇಎಂಎಫ್ − (ಕರೆಂಟ್ × ಒಳರೋಧ) ಎಂಬ ಸೂತ್ರ ಹೇಳುವುದು ಇದನ್ನೇ.

ಲ್ಯಾಬಿನ ದಾರಿಯನ್ನು ಮಕ್ಕಳು ರಿವಿಷನ್ ಎಂದು ಎಣಿಸುವುದೇ ಇಲ್ಲ. ಥಿಯರಿಗೆ 70, ಪ್ರಾಕ್ಟಿಕಲ್ಲಿಗೆ 30 ಅಂಕವಿದೆ ಎಂಬುದು ಒಂದು ಮಾತು. ಅದಕ್ಕಿಂತ ದೊಡ್ಡದು, ಅಮ್ಮೀಟರನ್ನು ಸರಣಿಯಲ್ಲಿ, ವೋಲ್ಟ್‌ಮೀಟರನ್ನು ಸಮಾಂತರದಲ್ಲಿ ಯಾಕೆ ಜೋಡಿಸಬೇಕು ಎಂಬುದು ಕೈ ಮೂಲಕವೇ ತಲೆಗೆ ಹೋಗುವ ಸಂಗತಿ. ತಂತಿಯ ತುದಿಯನ್ನು ಉಪ್ಪುಕಾಗದದಿಂದ ಉಜ್ಜಿ, ಸ್ಕ್ರೂ ಬಿಗಿಮಾಡಿ, ರಿಯೋಸ್ಟಾಟ್ ಸರಿಸುತ್ತ ಮುಳ್ಳು ಏರುವುದನ್ನು ನೋಡಿದವರಿಗೆ ಓಮ್ ನಿಯಮದ ಸರಳರೇಖೆ ಬರೀ ಗೆರೆಯಾಗಿ ಉಳಿಯುವುದಿಲ್ಲ. ಪ್ರಾಕ್ಟಿಕಲ್ ಪರೀಕ್ಷೆ ಥಿಯರಿಗಿಂತ ಮೊದಲು ಬರುತ್ತದೆ. ಆ ವಾರದಲ್ಲೇ ಕರೆಂಟ್ ಎಲೆಕ್ಟ್ರಿಸಿಟಿಯ ಲೆಕ್ಕಗಳನ್ನು ಇಟ್ಟುಕೊಂಡರೆ ಒಂದೇ ಏಟಿಗೆ ಎರಡು ಕೆಲಸ ಮುಗಿಯುತ್ತದೆ.

ಕಣಗಳಿಗೆ ಬಾಯಿಪಾಠವೇ? ಅಲ್ಲ, ಬಾಯಿಮಾತು

ಕಣಗಳನ್ನು ಬಾಯಲ್ಲಿ ಓದಬೇಕು ಎಂದರೆ ಉರು ಹೊಡೆಯಬೇಕು ಎಂದಲ್ಲ. ಪಕ್ಕದಲ್ಲಿ ಕೂತವರಿಗೆ ಕಥೆ ಹೇಳಿದಂತೆ ಹೇಳಲು ಬರಬೇಕು. ದ್ಯುತಿವಿದ್ಯುತ್ ಪರಿಣಾಮ ಇದಕ್ಕೆ ಒಳ್ಳೆಯ ಉದಾಹರಣೆ. ಬೆಳಕು ಅಲೆಯೇ ಆಗಿದ್ದರೆ, ಮಂದ ಬೆಳಕನ್ನೂ ಸಾಕಷ್ಟು ಹೊತ್ತು ಬೀಳಿಸಿದರೆ ಎಲೆಕ್ಟ್ರಾನ್ ಹೊರಬರಬೇಕಿತ್ತು. ಬರಲಿಲ್ಲ. ಆವರ್ತಾಂಕ ಒಂದು ಮಿತಿಗಿಂತ ಕಡಿಮೆಯಿದ್ದರೆ ಎಷ್ಟು ಪ್ರಖರ ಬೆಳಕು ಬಿಟ್ಟರೂ ಬರಲಿಲ್ಲ. ಮಿತಿ ದಾಟಿದರೆ ಮಂದ ಬೆಳಕಿಗೂ ತಕ್ಷಣ ಬಂತು. ಯಾಕೆ? 1905ರಲ್ಲಿ ಐನ್‌ಸ್ಟೈನ್ ಕೊಟ್ಟ ಉತ್ತರ: ಬೆಳಕಿನ ಶಕ್ತಿ ಕಂತೆಕಂತೆಯಾಗಿ ಬರುತ್ತದೆ, ಒಂದು ಕಂತೆ ಒಂದು ಎಲೆಕ್ಟ್ರಾನಿಗೆ. ಕಂತೆ ಸಾಲದಿದ್ದರೆ ಸಾಲದು, ಅಷ್ಟೆ. 1921ರ ನೊಬೆಲ್ ಅವರಿಗೆ ಬಂದದ್ದು ಇದಕ್ಕೇ, ಸಾಪೇಕ್ಷತೆಗಲ್ಲ. ಇಷ್ಟನ್ನು ಕನ್ನಡದಲ್ಲಿ ತಡವರಿಸದೆ ಹೇಳಬಲ್ಲ ಹುಡುಗಿ ಇಂಗ್ಲಿಷಿನಲ್ಲಿ ನಾಲ್ಕು ಪಾಯಿಂಟ್ ಬರೆಯಲು ಕಷ್ಟಪಡುವುದಿಲ್ಲ.

ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇದನ್ನು ಒತ್ತಿ ಹೇಳುತ್ತೇನೆ. ಇಂಗ್ಲಿಷ್ ವಾಕ್ಯಗಳನ್ನು ಅರ್ಥವಾಗದೆ ಉರು ಹೊಡೆದರೆ ಪ್ರಶ್ನೆಯ ಪದ ಸ್ವಲ್ಪ ಬದಲಾದರೂ ಕೈಕಾಲು ಬಿಟ್ಟುಹೋಗುತ್ತದೆ. ಮೊದಲು ಕನ್ನಡದಲ್ಲಿ ಜೋರಾಗಿ ಹೇಳಿ. ಆಮೇಲೆ ಪಠ್ಯದ ಇಂಗ್ಲಿಷ್ ಪದಗಳನ್ನು ಅದರೊಳಕ್ಕೆ ಸೇರಿಸಿಕೊಳ್ಳಿ. ಕೇಳಲು ಯಾರೂ ಇಲ್ಲದಿದ್ದರೆ ಅಜ್ಜಿಗೇ ಹೇಳಿ. ಅಜ್ಜಿ ನಡುವೆ "ಯಾಕೆ?" ಎಂದು ಕೇಳಿದ ಜಾಗವೇ ನಿಮಗೆ ಇನ್ನೂ ಗಟ್ಟಿಯಾಗದ ಜಾಗ.

ಇದರ ಜೊತೆಗೆ ಮೂರು ಚಿತ್ರ ಬರೆಯಲು ಬಂದರೆ ಕಣಗಳ ಕಟ್ಟಿನ ಬೆನ್ನೆಲುಬು ಸಿಕ್ಕಂತೆ. ಒಂದು, ಆವರ್ತಾಂಕಕ್ಕೆ ಎದುರಾಗಿ ಸ್ಟಾಪಿಂಗ್ ಪೊಟೆನ್ಶಿಯಲ್. ಗೆರೆಯ ಇಳಿಜಾರು ಪ್ಲಾಂಕ್ ಸ್ಥಿರಾಂಕವನ್ನು ಎಲೆಕ್ಟ್ರಾನ್ ಆವೇಶದಿಂದ ಭಾಗಿಸಿದಷ್ಟು, ಯಾವ ಲೋಹವಾದರೂ ಅದೇ ಇಳಿಜಾರು. ಎರಡು, ಹೈಡ್ರೋಜನ್ನಿನ ಏಣಿ: −13.6, −3.4, −1.51, −0.85 ಎಲೆಕ್ಟ್ರಾನ್ ವೋಲ್ಟ್. ಮೂರನೇ ಮೆಟ್ಟಿಲಿನಿಂದ ಎರಡನೆಯದಕ್ಕೆ ಇಳಿದರೆ 1.89 ಎಲೆಕ್ಟ್ರಾನ್ ವೋಲ್ಟ್ ಹೊರಬರುತ್ತದೆ, ಅದೇ 656 ನ್ಯಾನೋಮೀಟರಿನ ಕೆಂಪು ಗೆರೆ. ಮೂರು, ಒಂದೊಂದು ನ್ಯೂಕ್ಲಿಯಾನಿಗೆ (ಪ್ರೋಟಾನ್ ಅಥವಾ ನ್ಯೂಟ್ರಾನಿಗೆ) ಬೀಳುವ ಬಂಧನ ಶಕ್ತಿಯ ಗ್ರಾಫ್. ಮೊದಲು ಕಡಿದಾಗಿ ಏರಿ, ಕಬ್ಬಿಣದ ಸುತ್ತ 8.75 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಮುಟ್ಟಿ, ಯುರೇನಿಯಂ ಹತ್ತಿರ 7.6ಕ್ಕೆ ನಿಧಾನವಾಗಿ ಇಳಿಯುತ್ತದೆ. ವಿದಳನದಲ್ಲೂ ಸಂಲಯನದಲ್ಲೂ ಶಕ್ತಿ ಯಾಕೆ ಹೊರಬರುತ್ತದೆ ಎಂಬ ಎರಡು ಪ್ರಶ್ನೆಗೂ ಇದೊಂದೇ ಚಿತ್ರ ಉತ್ತರ: ಬಲಗಡೆಯವು ಒಡೆದರೂ, ಎಡಗಡೆಯವು ಕೂಡಿದರೂ ನಡುವಿನ ಎತ್ತರದ ಕಡೆಗೇ ಬರುತ್ತವೆ. ಕೈಗಾದಲ್ಲಿ ಯುರೇನಿಯಂ ಒಡೆದು ಸಿಗುವ ಶಕ್ತಿ ಈ ಇಳಿಜಾರಿನದೇ, ಒಂದು ವಿದಳನಕ್ಕೆ ಸುಮಾರು 200 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್.

ಈ ಕಟ್ಟಿನಲ್ಲಿ ಕೈಯಿಂದಲೇ ಮಾಡಬೇಕಾದ ಒಂದು ಲೆಕ್ಕವೂ ಇದೆ, ದ್ರವ್ಯರಾಶಿ ಕೊರತೆ. ಹೀಲಿಯಂ ತೆಗೆದುಕೊಳ್ಳಿ. ಎರಡು ಹೈಡ್ರೋಜನ್ ಪರಮಾಣು, ಎರಡು ನ್ಯೂಟ್ರಾನ್ ಸೇರಿ 4.03298 ಪರಮಾಣು ದ್ರವ್ಯಮಾನ ಏಕಮಾನ. ಹೀಲಿಯಂ ಪರಮಾಣು 4.00260. ಕೊರತೆ 0.03038, ಅದನ್ನು 931.5ರಿಂದ ಗುಣಿಸಿದರೆ 28.3 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್. ಇಲ್ಲೊಂದು ಗುಂಡಿ ಇದೆ, ಪ್ರತಿ ವರ್ಷ ಯಾರಾದರೂ ಬೀಳುತ್ತಾರೆ. ಹೈಡ್ರೋಜನ್ ಪರಮಾಣುವಿನ ಬದಲು ಬರೀ ಪ್ರೋಟಾನಿನ ದ್ರವ್ಯರಾಶಿ ಹಾಕಿ, ಹೀಲಿಯಂಗೆ ಮಾತ್ರ ಪರಮಾಣುವಿನದೇ ಹಾಕಿದರೆ ಎರಡು ಎಲೆಕ್ಟ್ರಾನಿನ ಲೆಕ್ಕ ತಪ್ಪಿ, ಉತ್ತರ 27.3ಕ್ಕೆ ಇಳಿಯುತ್ತದೆ. ಪ್ರಶ್ನೆಯಲ್ಲಿ ಕೊಟ್ಟಿರುವುದು ಪರಮಾಣುವಿನ ದ್ರವ್ಯರಾಶಿಯೋ ನ್ಯೂಕ್ಲಿಯಸ್ಸಿನದೋ ಎಂದು ಮೊದಲು ಅಡಿಗೆರೆ ಹಾಕಿಕೊಳ್ಳಿ. ಎರಡೂ ಕಡೆ ಒಂದೇ ಬಗೆಯದು ಇರಬೇಕು.

ಪುಸ್ತಕ, ಗೈಡ್, ಹಳೆಯ ಪ್ರಶ್ನೆಪತ್ರಿಕೆ, ವಿಡಿಯೋ

ಪಠ್ಯಪುಸ್ತಕಕ್ಕೆ ಸಾಟಿ ಇಲ್ಲ. ಉದಾಹರಣೆ ಲೆಕ್ಕಗಳನ್ನು ಉತ್ತರ ಮುಚ್ಚಿಟ್ಟು ಬಿಡಿಸಿದವರಿಗೆ ಪತ್ರಿಕೆಯ ಲೆಕ್ಕ ಹೊಸದೆನಿಸುವುದಿಲ್ಲ. ಗೈಡ್ ಕೊಳ್ಳುವುದಾದರೆ ಯಾವ ವರ್ಷದ್ದು ಎಂದು ನೋಡಿ ಕೊಳ್ಳಿ. ಅಣ್ಣ ಅಕ್ಕಂದಿರ ಹಳೆಯ ಗೈಡಿನಲ್ಲಿ ಮೀಟರ್ ಬ್ರಿಡ್ಜ್, ಪೊಟೆನ್ಶಿಯೋಮೀಟರ್, ರೋಧಕದ ಬಣ್ಣದ ಸಂಕೇತ, ವಿಕಿರಣ ಕ್ಷಯದ ನಿಯಮ, ಅರ್ಧಾಯುಷ್ಯದ ಲೆಕ್ಕ, ಡೇವಿಸನ್ ಗರ್ಮರ್ ಪ್ರಯೋಗ ಎಲ್ಲ ಇರುತ್ತವೆ. 2022ರಲ್ಲಿ ಎನ್‌ಸಿಇಆರ್‌ಟಿ ಪಠ್ಯ ಕಡಿತ ಮಾಡಿದಾಗ ಇವು ಥಿಯರಿ ಪುಸ್ತಕದಿಂದ ಹೋದವು. ಒಬ್ಬ ಹುಡುಗ ಅರ್ಧಾಯುಷ್ಯದ ಲೆಕ್ಕಗಳನ್ನು ಎರಡು ವಾರ ಕೂತು ಬಿಡಿಸಿದ್ದನ್ನು ನೋಡಿ ನನಗೆ ನಿಜವಾಗಿ ಸಂಕಟವಾಯಿತು. ಇನ್ನೊಂದು ಸೂಕ್ಷ್ಮ: ರೋಧಗಳ ಸರಣಿ ಮತ್ತು ಸಮಾಂತರ ಜೋಡಣೆಯ ಭಾಗವನ್ನೂ ಪುಸ್ತಕದಿಂದ ತೆಗೆದಿದ್ದಾರೆ. ಹತ್ತನೇ ತರಗತಿಯಲ್ಲಿ ಆಗಿದೆ ಎಂದು ಅದನ್ನು ಬಿಟ್ಟರು, ಬೇಡವೆಂದಲ್ಲ. ಅದು ಬಾರದೆ ಮೇಲಿನ ಸರ್ಕ್ಯೂಟ್ ಲೆಕ್ಕ ಹೆಜ್ಜೆಯೂ ಮುಂದೆ ಹೋಗದು. ಹತ್ತನೆಯ ಪುಸ್ತಕ ಅಟ್ಟದ ಮೇಲಿದ್ದರೆ ಇಳಿಸಿಕೊಳ್ಳಿ.

"ಪಾಸಿಂಗ್ ಪ್ಯಾಕೇಜ್" ಎಂದು ಕಾಲೇಜುಗಳಲ್ಲಿ ಹಂಚುವ ಜೆರಾಕ್ಸ್ ಹಾಳೆಗಳ ಬಗ್ಗೆ ಕೇಳುತ್ತಾರೆ. ಒಂದು ವಾರ ಮಾತ್ರ ಉಳಿದು, ಪಾಸಾಗುವುದೇ ಪ್ರಶ್ನೆಯಾಗಿರುವವರಿಗೆ ಅವು ಆಸರೆ. ಅಂಥವರನ್ನು ನಾನು ಬೇಡ ಎನ್ನುವುದಿಲ್ಲ. ಆದರೆ ಅವುಗಳಲ್ಲಿ ಕಣಗಳ ಭಾಗ ಉಪಯೋಗಕ್ಕೆ ಬರುವಷ್ಟು ವಿದ್ಯುತ್ತಿನ ಭಾಗ ಬರುವುದಿಲ್ಲ. ವ್ಯಾಖ್ಯೆಗಳನ್ನು ಹಾಳೆಯಿಂದ ಕಲಿಯಬಹುದು, ಸರ್ಕ್ಯೂಟ್ ಬಿಡಿಸುವುದನ್ನು ಕಲಿಯಲಾಗದು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಮಂಡಳಿಯ ವೆಬ್‌ಸೈಟಿನಿಂದ ತೆಗೆದುಕೊಂಡು, ಗಡಿಯಾರ ಮುಂದಿಟ್ಟು, ಪೂರ್ತಿ ಒಂದೇ ಕೂತಿನಲ್ಲಿ ಬರೆಯಿರಿ. ವಾರಕ್ಕೊಂದು ಸಾಕು. ಮೌಲ್ಯಮಾಪನದ ಮಾದರಿ ಉತ್ತರ ಸಿಕ್ಕರೆ ಸೂತ್ರಕ್ಕೆ ಎಷ್ಟು, ಬೆಲೆ ಹಾಕಿದ್ದಕ್ಕೆ ಎಷ್ಟು, ಏಕಮಾನ ಸಹಿತ ಉತ್ತರಕ್ಕೆ ಎಷ್ಟು ಅಂಕ ಎಂದು ನೋಡಿಕೊಳ್ಳಿ. ಉತ್ತರ ಬಾರದ ಲೆಕ್ಕದಲ್ಲೂ ಸೂತ್ರ ಬರೆದಿಟ್ಟರೆ ಬರಿಗೈಯಲ್ಲಿ ಹೋಗುವುದಿಲ್ಲ.

ವಿಡಿಯೋ ಪಾಠಗಳು ವಿದ್ಯುತ್ ಕ್ಷೇತ್ರದ ಗೆರೆಗಳು, ಆಲ್ಫಾ ಕಣದ ಚದುರುವಿಕೆ ಇಂಥ ಕಡೆ ಬಹಳ ಸಹಾಯ. ಲೆಕ್ಕದ ವಿಡಿಯೋ ನೋಡುವಾಗ ಮಾತ್ರ ಪ್ರಶ್ನೆ ಓದಿದ ಕೂಡಲೇ ನಿಲ್ಲಿಸಿ. ನೀವು ಬಿಡಿಸಿ ಆಮೇಲೆ ಮುಂದಕ್ಕೆ ಬಿಡಿ. ಬೇರೆಯವರು ಈಜುವುದನ್ನು ದಡದಲ್ಲಿ ಕೂತು ನೋಡಿದರೆ ಈಜು ಬರುವುದಿಲ್ಲ.

ಕ್ವಾರ್ಕ್ ಓದಬೇಕೇ?

ಹಿಗ್ಸ್, ಕ್ವಾರ್ಕ್, ನ್ಯೂಟ್ರಿನೊ ಎಂದು ಕಣ್ಣರಳಿಸಿಕೊಂಡು ಬರುವ ಮಕ್ಕಳು ಪ್ರತಿ ವರ್ಷ ಇಬ್ಬರಾದರೂ ಇರುತ್ತಾರೆ. ನನಗೆ ಅವರೆಂದರೆ ತುಂಬ ಇಷ್ಟ. ಪಿಯುಸಿ ಪರೀಕ್ಷೆಗೆ ಕ್ವಾರ್ಕ್, ಅಂದರೆ ಪ್ರೋಟಾನ್ ನ್ಯೂಟ್ರಾನುಗಳ ಒಳಗಿನ ಕಣ, ಬೇಡ. ಪ್ರೋಟಾನ್, ನ್ಯೂಟ್ರಾನ್ ಮತ್ತು ಅವನ್ನು ಹಿಡಿದಿಡುವ ನ್ಯೂಕ್ಲಿಯರ್ ಬಲದವರೆಗೆ ಸಾಕು. ಆದರೆ ಇಂಗ್ಲೆಂಡಿನಲ್ಲಿ ಎ-ಲೆವೆಲ್ ಓದುತ್ತಿರುವ ನಮ್ಮ ಮಕ್ಕಳಿಗೆ ಬೇಕು. ನನ್ನ ಅಕ್ಕನ ಮಗಳು ಅಲ್ಲೇ ಓದಿದ್ದು. ಅಲ್ಲಿನ ಎಕ್ಯೂಎ ಎಂಬ ಪರೀಕ್ಷಾ ಮಂಡಳಿಯ ಪಠ್ಯದ ಮೊದಲ ವರ್ಷದಲ್ಲೇ ಕಣಗಳೂ ಇವೆ, ವಿದ್ಯುತ್ತೂ ಇದೆ. ಫೋನಿನಲ್ಲಿ ಅವಳಿಗೆ ಹೇಳಿಕೊಡುವಾಗ ಎರಡು ಪದ್ಧತಿಗಳ ಒಂದು ವ್ಯತ್ಯಾಸ ಎದ್ದು ಕಂಡಿತು: ಅಲ್ಲಿ ಪರೀಕ್ಷಾ ಕೊಠಡಿಯಲ್ಲೇ ಸೂತ್ರಗಳ ಪುಸ್ತಿಕೆ ಕೊಡುತ್ತಾರೆ, ಕ್ವಾರ್ಕುಗಳ ಆವೇಶವೂ ಅದರಲ್ಲಿದೆ. ಹಾಗಾಗಿ ಅಲ್ಲಿನ ಮಕ್ಕಳು ಸೂತ್ರ ಉರು ಹೊಡೆಯುವುದರಲ್ಲಿ ದಿನ ಕಳೆಯಬಾರದು. ಪ್ರೋಟಾನ್ ಎಂದರೆ ಎರಡು ಅಪ್ ಒಂದು ಡೌನ್, ನ್ಯೂಟ್ರಾನ್ ಎಂದರೆ ಒಂದು ಅಪ್ ಎರಡು ಡೌನ್. ಬೀಟಾ ಮೈನಸ್ ಕ್ಷಯದಲ್ಲಿ ಒಂದು ಡೌನ್ ಅಪ್ ಆಗುತ್ತದೆ, ಎಲೆಕ್ಟ್ರಾನ್ ಮತ್ತು ಆಂಟಿನ್ಯೂಟ್ರಿನೊ ಹೊರಬೀಳುತ್ತವೆ. ಆವೇಶ, ಬ್ಯಾರಿಯಾನ್ ಸಂಖ್ಯೆ, ಲೆಪ್ಟಾನ್ ಸಂಖ್ಯೆ ಎರಡೂ ಕಡೆ ಸಮವೇ ಎಂದು ನೋಡುವುದೇ ಅಭ್ಯಾಸ, ಅಂಗಡಿಯ ಜಮಾಖರ್ಚು ತಾಳೆ ಹಾಕಿದಂತೆ. ನಮ್ಮ ಪಿಯುಸಿಯಲ್ಲಿ ಸ್ಥಿರಾಂಕದ ಬೆಲೆ ಕೊಟ್ಟರೂ ಸೂತ್ರ ಕೊಡುವುದಿಲ್ಲ. ಸೂತ್ರಗಳನ್ನು ಒಂದು ಹಾಳೆಯಲ್ಲಿ ಬರೆದು ಓದುವ ಮೇಜಿನ ಎದುರು ಅಂಟಿಸಲೇಬೇಕು.

ಈ ಎರಡು ಕಟ್ಟುಗಳೂ ನಮ್ಮದೇ ನೆಲದಲ್ಲಿ ಸೇರಿದ ಜಾಗವೊಂದಿದೆ. ಅದನ್ನು ಹೇಳದೆ ನಾನು ಈ ಪಾಠ ಮುಗಿಸುವುದಿಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿಗೆ ಹೋಯಿತು. ಅಷ್ಟು ದೂರ ಹೆಚ್ಚಿನ ವೋಲ್ಟೇಜಿನಲ್ಲೇ ಯಾಕೆ ಕಳಿಸಬೇಕು ಎಂಬುದು ನಿಮ್ಮ ಮೂರನೇ ಅಧ್ಯಾಯದ ಪ್ರಶ್ನೆ: ಅದೇ ಪವರ್‌ಗೆ ವೋಲ್ಟೇಜ್ ಹತ್ತು ಪಟ್ಟು ಮಾಡಿದರೆ ಕರೆಂಟ್ ಹತ್ತರಲ್ಲೊಂದು, ತಂತಿಯಲ್ಲಿ ಬಿಸಿಯಾಗಿ ಸೋರುವುದು ನೂರರಲ್ಲೊಂದು. ಅದೇ ಗಣಿಯಲ್ಲಿ 1965ರಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಕೆಳಗೆ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು ಸಿಕ್ಕಿತು. ಆ ವರ್ಷ ಅದು ಸಿಕ್ಕಿದ್ದು ಜಗತ್ತಿನಲ್ಲಿ ಎರಡೇ ಕಡೆ, ಇನ್ನೊಂದು ದಕ್ಷಿಣ ಆಫ್ರಿಕಾದ ಚಿನ್ನದ ಗಣಿ. ಕೋಲಾರದ ಕಡೆಯಿಂದ ಬಂದ ಒಬ್ಬ ವಿದ್ಯಾರ್ಥಿಗೆ ಇದನ್ನು ಹೇಳಿದಾಗ, "ನಮ್ ತಾತ ಅಲ್ಲೇ ಕೆಲ್ಸ ಮಾಡ್ತಿದ್ರು ಮೇಡಂ" ಎಂದು ಅವನ ಮುಖ ಅರಳಿದ್ದು ಇನ್ನೂ ಕಣ್ಣ ಮುಂದಿದೆ.

ದಿನಗಳ ಲೆಕ್ಕ

ಎರಡು ತಿಂಗಳಿದ್ದರೆ ಮೊದಲ ಐದು ವಾರ ದಿನಕ್ಕೆ ಎರಡೇ ವಿದ್ಯುತ್ ಲೆಕ್ಕ, ವಾರಕ್ಕೆ ಎರಡು ಡಿರೈವೇಶನ್. ಆಮೇಲೆ ಎರಡು ವಾರ ಕಣಗಳು. ಆಗಲೂ ದಿನಕ್ಕೊಂದು ಸರ್ಕ್ಯೂಟ್ ಬಿಡಬೇಡಿ. ಮೂರು ವಾರಕ್ಕಿಂತ ಕಡಿಮೆಯಿದ್ದರೆ ಕಣಗಳನ್ನು ಐದಾರು ದಿನದಲ್ಲಿ ಮುಗಿಸಿ, ಉಳಿದ ದಿನ ಕರೆಂಟ್ ಎಲೆಕ್ಟ್ರಿಸಿಟಿ ಮಾತ್ರ ಹಿಡಿಯಿರಿ. ಗೌಸ್ ನಿಯಮದ ಅನ್ವಯಗಳಲ್ಲಿ ಒಂದೆರಡನ್ನು ಮಾತ್ರ ಇಟ್ಟುಕೊಳ್ಳಿ. ಒಂದು ವಾರವಿದ್ದರೆ ಹೊಸದು ಯಾವುದನ್ನೂ ಮುಟ್ಟಬೇಡಿ.

ಪರೀಕ್ಷೆಯಲ್ಲಿ ಐದು ಅಂಕದ ಲೆಕ್ಕಗಳಲ್ಲಿ ಎರಡನ್ನು ನೀವೇ ಆರಿಸಬೇಕು. ಸರ್ಕ್ಯೂಟೂ ಇದ್ದು ಬಂಧನ ಶಕ್ತಿಯೂ ಇದ್ದರೆ ಯಾವುದನ್ನು ಹಿಡಿಯಲಿ ಎಂದು ಕೇಳುತ್ತಾರೆ. ಸರಿಯೋ ತಪ್ಪೋ ಎಂದು ಕೂತಲ್ಲೇ ಪರೀಕ್ಷಿಸಿಕೊಳ್ಳಲು ಬರುವುದನ್ನು ಹಿಡಿಯಿರಿ. ಸರ್ಕ್ಯೂಟಿನಲ್ಲಿ ಕವಲುಗಳ ಕರೆಂಟ್ ಕೂಡಿಸಿ ಮೊದಲಿನಷ್ಟೇ ಬಂತೇ ನೋಡಿ, ಬೆರಳಿಟ್ಟು ಒಂದು ಸುತ್ತು ಬಂದು ವೋಲ್ಟೇಜ್ ತಾಳೆಯಾಯಿತೇ ನೋಡಿ. ಬಂಧನ ಶಕ್ತಿಯಲ್ಲಿ ಒಟ್ಟು ಉತ್ತರವನ್ನು ನ್ಯೂಕ್ಲಿಯಾನುಗಳ ಸಂಖ್ಯೆಯಿಂದ ಭಾಗಿಸಿ. ಆಮ್ಲಜನಕದಿಂದ ಯುರೇನಿಯಂವರೆಗೆ ಯಾವುದಾದರೂ 7ಕ್ಕೂ 9ಕ್ಕೂ ನಡುವೆ ಬರಬೇಕು. 70 ಬಂದರೆ ದಶಾಂಶ ಬಿಂದು ಜಾರಿದೆ. 0.008 ಬಂದರೆ 931.5ರಿಂದ ಗುಣಿಸುವುದು ಬಿಟ್ಟುಹೋಗಿದೆ. ಹಿಂದಿನ ಸಾಲಿಗೆ ಹೋಗಿ ಸರಿಪಡಿಸಿಕೊಂಡು ಬನ್ನಿ, ಸಮಯ ಇನ್ನೂ ಇರುತ್ತದೆ.